ಮನೆ ಮುಂದಿನ ಕಾರಿನಲ್ಲಿ ಮಲಗುವ ಗಂಡ

ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಮೊದಲು ಬಂದವರು ಹೆಂಡತಿ. ಕೂತವರೇ ಹೇಳಿದ್ದು ಇಷ್ಟು: "ಮೇಡಂ, ನಮ್ಮನೆಯವ್ರು ಬೆಂಗ್ಳೂರಿಂದ ಬಂದು ನಾಲ್ಕು ತಿಂಗ್ಳಾತು. ಒಂದು ರಾತ್ರಿನೂ ಮನೇಲಿ ಮಲಗಿಲ್ಲ." ನಾನು ಮನಸ್ಸಿನಲ್ಲೇ ಏನೇನೋ ಊಹಿಸಿಬಿಟ್ಟೆ. ಅರ್ಧ ಮಾತು ಕೇಳಿ ಉಳಿದರ್ಧ ಕತೆ ಕಟ್ಟಿಕೊಳ್ಳುವುದು ಈ ಕೆಲಸದಲ್ಲಿ ವರ್ಷ ಕಳೆದವರಿಗೆ ಅಂಟುವ ಚಾಳಿ. "ಮತ್ತೆ ಎಲ್ಲಿ ಮಲಗ್ತಾರೆ?" ಅಂದೆ.

"ಕಾರಲ್ಲಿ. ನಮ್ಮನೆ ಮುಂದೇನೇ."

ಈ ಪ್ರಕರಣ ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಹೆಸರು, ವಯಸ್ಸು, ಬಡಾವಣೆ ಎಲ್ಲ ಬದಲಿಸಿದ್ದೇನೆ. ಗಂಡನನ್ನು ರುದ್ರೇಶ್ ಎನ್ನೋಣ, ಹೆಂಡತಿಯನ್ನು ಶೋಭಾ. ಊರು ಮಾತ್ರ ದಾವಣಗೆರೆಯೇ, ಅದನ್ನು ಬದಲಿಸಲು ಮನಸ್ಸಾಗಲಿಲ್ಲ.

ರುದ್ರೇಶರ ತಂದೆ ಹತ್ತಿ ಗಿರಣಿಯ ಕಾರ್ಮಿಕ. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಉಳಿಯಿತು, ಅಪ್ಪನ ಕೆಲಸ ಉಳಿಯಲಿಲ್ಲ. ಮಗ ಹತ್ತನೇ ಕ್ಲಾಸಿಗೆ ಓದು ಬಿಟ್ಟು ಸ್ಟೇರಿಂಗ್ ಹಿಡಿದರು. ಮೊದಲು ಸ್ಕೂಲ್ ವ್ಯಾನ್, ಆಮೇಲೆ ಯಾರದೋ ಟೆಂಪೊ. 2019ರಲ್ಲಿ ಸಾಲ ಮಾಡಿ ಯೆಲ್ಲೋ ಬೋರ್ಡ್ ಕಾರು ತೆಗೆದು, ಬೆಂಗಳೂರಿಗೆ ಹೋಗಿ ಒಂದು ಆ್ಯಪ್ ಕಂಪನಿಗೆ ಅಟ್ಯಾಚ್ ಮಾಡಿದರು. ವರ್ಷ ತುಂಬುವುದರೊಳಗೆ ಲಾಕ್‌ಡೌನ್. ಕಂತು ಮುಂದಕ್ಕೆ ಹೋಯಿತು, ಬಡ್ಡಿ ನಿಲ್ಲಲಿಲ್ಲ. ಆಮೇಲಿನ ನಾಲ್ಕು ವರ್ಷ ಆ ಬಡ್ಡಿಯ ಹಿಂದೆ ಓಡಿದ್ದೇ. ಪೀಣ್ಯದ ಕಡೆ ನಾಲ್ಕು ಜನ ಡ್ರೈವರ್‌ಗಳ ರೂಮು. ಪಾಳಿಯಲ್ಲಿ ಮಲಗುವ ಎರಡು ಹಾಸಿಗೆ. ತಿಂಗಳಿಗೊಮ್ಮೆ 260 ಕಿಲೋಮೀಟರ್ ದೂರದ ಊರು.

2024ರ ನವೆಂಬರಿನ ಒಂದು ಬೆಳಿಗ್ಗೆ ಅವರ ಐಡಿ ಬ್ಲಾಕ್ ಆಯಿತು. ‘ಗ್ರಾಹಕರ ಸುರಕ್ಷತೆಗೆ ಸಂಬಂಧಿಸಿದ ದೂರು’ ಎಂಬ ಒಂದೇ ಸಾಲು. ಯಾರು ದೂರಿದ್ದು, ಯಾವ ಟ್ರಿಪ್, ಏನು ದೂರು, ಒಂದೂ ಇಲ್ಲ. ಎರಡು ವಾರ ಕಂಪನಿಯ ಆಫೀಸಿಗೆ ಅಲೆದರು. ಮೂರನೇ ವಾರ ಊರಿಗೆ ಬಂದರು.

ಶೋಭಾ ಬಲವಂತ ಮಾಡಿ ಕರೆತಂದ ದಿನ ಅವರು ಕುರ್ಚಿಯಲ್ಲಿ ಕೂತಿದ್ದ ರೀತಿಯೇ ಡ್ರೈವರಿನದು. ಬೆನ್ನು ಒರಗಿಸಿ, ಎರಡೂ ಕೈ ಮುಂದೆ ಮಾಡಿ, ಆಗಾಗ ಎಡಕ್ಕೆ ಕಣ್ಣು ಹಾಯಿಸುತ್ತಾ. ಎಡಕ್ಕೆ ಸ್ಟೂಲಿನ ಮೇಲೆ ಫೋನ್ ಇತ್ತು. ಬ್ಲಾಕ್ ಆದ ಆ್ಯಪನ್ನು ಅವರು ತೆಗೆದಿರಲಿಲ್ಲ. ದಿನಾ ನಸುಕಿನ 3 ಗಂಟೆ 15 ನಿಮಿಷಕ್ಕೆ ಎಚ್ಚರಾಗುತ್ತಿತ್ತು. ಅದು ಏರ್‌ಪೋರ್ಟ್ ಟ್ರಿಪ್‌ಗಳ ಹೊತ್ತು. ಎದ್ದು ಆ್ಯಪ್ ತೆರೆಯುವುದು, ಅದೇ ಕೆಂಪು ಪಟ್ಟಿ ನೋಡುವುದು, ಮುಚ್ಚುವುದು. ಕಂಪನಿಗೆ ಹನ್ನೊಂದು ಸಲ ಬರೆದಿದ್ದರು. ಹನ್ನೊಂದಕ್ಕೂ ಬಂದ ಉತ್ತರ ಒಂದೇ, ಅಕ್ಷರ ಅಕ್ಷರ ಒಂದೇ.

"ಸುಳ್ಳು ಕಂಪ್ಲೇಂಟ್ ರೀ ಮೇಡಂ. ಐದು ವರ್ಷ ಹೊಡೆದೀನಿ, ನಾಲ್ಕು ಪಾಯಿಂಟ್ ಎಂಟು ರೇಟಿಂಗ್. ಕುಡಿಯಂಗಿಲ್ಲ, ಒಂದು ದಿನ ಯಾರಿಗೂ ಏಕವಚನದಾಗೆ ಮಾತಾಡಿಲ್ಲ. ನನ್ನನ್ನ ಕೇಳಬೇಕಿತ್ತಲ್ವಾ?"

ನಾನು ನಂಬಿದೆ. ನಂಬುವುದು ತಪ್ಪಲ್ಲ, ಆದರೆ ನಂಬಿ ಎರಡು ಭೇಟಿಗಳನ್ನು ‘ಅನ್ಯಾಯವನ್ನು ಎದುರಿಸುವುದು ಹೇಗೆ’ ಎಂಬ ದಾರಿಯಲ್ಲೇ ಕಳೆದೆ. ಅದು ನನ್ನ ಎಡವಟ್ಟು. ‘ಕಾರಿನಲ್ಲೇ ಯಾಕೆ?’ ಎಂಬುದನ್ನು ಮೊದಲೇ ಕೇಳಬೇಕಿತ್ತು.

ಮೊದಲ ದಿನ ಸರಿಯಾಗಿ ಮಾಡಿದ ಕೆಲಸವೆಂದರೆ ಎಂಜಿನ್ ವಿಷಯ. ಮಾರ್ಚ್ ಬಂದಿತ್ತು, ದಾವಣಗೆರೆಯ ಸೆಕೆ ಗೊತ್ತಲ್ಲ. ಗ್ಲಾಸ್ ಏರಿಸಿ, ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿಕೊಂಡು ಮಲಗುತ್ತಿದ್ದರು. ಹೊಗೆಕೊಳವೆಯಲ್ಲಿ ಎಲ್ಲೋ ಸೋರಿಕೆಯಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. "ಕಾರಲ್ಲೇ ಮಲಗಿ, ನಾನು ಬೇಡ ಅನ್ನಲ್ಲ. ಆದರೆ ರಾತ್ರಿ ಕೀ ಶೋಭಾ ಕೈಗೆ, ಎರಡು ಗ್ಲಾಸ್ ಅರ್ಧ ಇಳಿಸಿರಬೇಕು" ಅಂದೆ. ಬೇಡ ಎನ್ನದಿದ್ದಕ್ಕೆ ಅವರಿಗೆ ಆಶ್ಚರ್ಯ. ಬೀದಿಯವರು, ಅತ್ತೆ, ಮಾವ ಎಲ್ಲರೂ ‘ಬೇಡ’ ಎಂದೇ ಹೇಳಿದ್ದರು.

ಮೂರನೇ ಭೇಟಿಯಲ್ಲಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು, "ಇಲ್ಲಿ ಕಣ್ಣು ಮುಚ್ಚಿದ್ರೆ ಯಾರಿಗೂ ಏನೂ ಆಗಲ್ಲ ಮೇಡಂ. ಗಾಡಿ ನಿಂತಿರ್ತೈತೆ."

ಆಗ ಹೊರಬಂತು. ದೂರು ಸುಳ್ಳಾಗಿರಲಿಲ್ಲ.

ಅವತ್ತು ಎರಡು ಆ್ಯಪ್, ಎರಡು ಫೋನ್. ಆಗಿದ್ದ ಕೇಂದ್ರ ಸರ್ಕಾರದ 2020ರ ಮಾರ್ಗಸೂಚಿಯ ಪ್ರಕಾರ ಚಾಲಕ ದಿನಕ್ಕೆ 12 ಗಂಟೆಗಿಂತ ಹೆಚ್ಚು ಲಾಗಿನ್ ಆಗಿರುವಂತಿರಲಿಲ್ಲ, ಆಮೇಲೆ 10 ಗಂಟೆ ವಿರಾಮ ಕಡ್ಡಾಯವಾಗಿತ್ತು. ಒಂದು ಆ್ಯಪ್ ಸುಸ್ತಾದಾಗ ಇನ್ನೊಂದನ್ನು ಎಬ್ಬಿಸುವುದು ಅದಕ್ಕೆ ರೂಮಿನವರೆಲ್ಲ ಕಂಡುಕೊಂಡಿದ್ದ ದಾರಿ. ‘ಇನ್ನೆರಡು ಟ್ರಿಪ್ ಮಾಡಿದರೆ 400 ರೂಪಾಯಿ ಇನ್ಸೆಂಟಿವ್’ ಎಂದು ಪರದೆ ತೋರಿಸುತ್ತಿತ್ತು. ನಮ್ಮ ಕಡೆ ಓಸಿ (ಮಟ್ಕಾ ಜೂಜು) ಚೀಟಿ ಬರೆಸುವವರನ್ನು ಕಂಡವರಿಗೆ ಈ ಸೆಳೆತ ಹೊಸದಲ್ಲ. ದಿನಾ ಗೆದ್ದರೆ ಬೇಸರವಾಗಿ ಬಿಡುತ್ತಾರೆ, ದಿನಾ ಸೋತರೂ ಬಿಡುತ್ತಾರೆ, ಯಾವಾಗ ಬರುತ್ತದೋ ಗೊತ್ತಿಲ್ಲದಿದ್ದರೆ ಮಾತ್ರ ಬಿಡುವುದಿಲ್ಲ. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಇದನ್ನೇ ತೋರಿಸಿದ್ದ. ಕಾಳು ಯಾವಾಗ ಬೀಳುತ್ತದೆಂದು ತಿಳಿಯದ ಹಕ್ಕಿ ಕುಟುಕುತ್ತಲೇ ಇರುತ್ತದೆ.

ಬೆಳಗಿನ ನಾಲ್ಕರ ಸುಮಾರಿಗೆ ಒಬ್ಬ ಹುಡುಗಿಯನ್ನು ಹತ್ತಿಸಿಕೊಂಡು ಏರ್‌ಪೋರ್ಟ್ ಕಡೆ ಹೊರಟಿದ್ದರು. ಹೆಬ್ಬಾಳ ಫ್ಲೈಓವರ್ ದಾಟಿದ ಮೇಲೆ ರಸ್ತೆ ಖಾಲಿ. ಮುಂದಿನದು ಅವರಿಗೆ ನೆನಪಿರುವುದು ದನಿಯಾಗಿ ಮಾತ್ರ: "ಅಣ್ಣಾ!" ಕಣ್ಣು ಬಿಟ್ಟಾಗ ಕಾರು ಡಿವೈಡರಿಗೆ ಒಂದು ಗೇಣು ದೂರದಲ್ಲಿ ಓಡುತ್ತಿತ್ತು. "ಏನಿಲ್ಲ ಮೇಡಂ, ನಾಯಿ ಅಡ್ಡ ಬಂತು" ಎಂದು ಹೇಳಿದರಂತೆ. ಹುಡುಗಿ ಇಳಿಯುವವರೆಗೂ ಮಾತಾಡಲಿಲ್ಲ. ಬಾಗಿಲು ಮೆತ್ತಗೆ ಹಾಕಿ ಹೋದಳು. "ಜೋರಾಗಿ ಹಾಕಿದ್ರೆ ಚೆನ್ನಾಗಿತ್ತು" ಅಂದರು ರುದ್ರೇಶ್.

"ಎಷ್ಟು ಹೊತ್ತು ಕಣ್ಣು ಮುಚ್ಚಿದ್ದಿರಬಹುದು?"

"ಹೆಚ್ಚಿಲ್ಲ, ಎರಡು ಮೂರು ಸೆಕೆಂಡು."

ಹಾಳೆಯ ಮೇಲೆ ಇಬ್ಬರೂ ಲೆಕ್ಕ ಹಾಕಿದೆವು. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಮೂರು ಸೆಕೆಂಡಿಗೆ 66. ಅವರೇ ಅದನ್ನು ತಮಗೆ ತಿಳಿಯುವ ಅಳತೆಗೆ ಇಳಿಸಿಕೊಂಡರು: "ನಮ್ ಬೀದೀಲಿ 30-40 ಸೈಟಿನ ಏಳು ಮನೆ." ಇನ್ನೊಂದು ಮಾತನ್ನೂ ಹೇಳಿದೆ, ಹೇಳುವುದೋ ಬೇಡವೋ ಎಂದು ಯೋಚಿಸಿ. ಸತತ 17 ಗಂಟೆ ಎಚ್ಚರವಿದ್ದವರ ಕೈ ಕಣ್ಣುಗಳ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರಷ್ಟು ಕುಗ್ಗಿರುತ್ತದೆ. ನಮ್ಮ ಕಾನೂನು ಚಾಲಕರಿಗೆ ಬಿಟ್ಟಿರುವ ಮಿತಿ 30. ಅವತ್ತು ಅವರು ಎಚ್ಚರವಿದ್ದದ್ದು 21 ಗಂಟೆ. ಕುಡಿಯದಿರುವುದೇ ತನ್ನ ಮರ್ಯಾದೆ ಎಂದುಕೊಂಡಿದ್ದ ಮನುಷ್ಯ ಅತ್ತರು.

ಆ ಸಂಜೆ ಮನೆಗೆ ಹೋಗುವಾಗ ನನಗೆ ಕಾಡಿದ್ದು ನನ್ನದೇ ಒಂದು ಹಳೆಯ ವಿಷಯ. ಬೆಂಗಳೂರಿನಲ್ಲಿ ಒಂದು ತರಬೇತಿಗೆ ಹೋದಾಗ, ದಾರಿಯುದ್ದಕ್ಕೂ ಫೋನಿನಲ್ಲಿ ಮಾತಾಡುತ್ತಿದ್ದ ಡ್ರೈವರ್‌ಗೆ ಒಂದು ಸ್ಟಾರ್ ಒತ್ತಿ ಲಿಫ್ಟ್ ಹತ್ತಿದ್ದೆ. ಅವನಿಗೆ ಒಂದು ಮಾತು ಹೇಳಿರಲಿಲ್ಲ. ಮಾತಾಡಿಸುವುದೇ ಕಸುಬಾದವಳು ನಾನು.

ಹಾಗಂತ ಆ ಹುಡುಗಿ ನನ್ನೆದುರು ಬಂದು ಕೂತಿದ್ದರೆ, ದೂರು ಕೊಟ್ಟದ್ದು ಸರಿ ಎಂದೇ ಹೇಳುತ್ತಿದ್ದೆ. ನಸುಕಿನಲ್ಲಿ ಒಬ್ಬಳೇ ಹಿಂದಿನ ಸೀಟಿನಲ್ಲಿ ಕೂತವಳು ಗೊತ್ತಿಲ್ಲದ ಗಂಡಸಿಗೆ ‘ನೀವು ತೂಕಡಿಸ್ತಿದ್ದೀರಿ’ ಎಂದು ವಾದಿಸುತ್ತಾ ಕೂರಬೇಕಿಲ್ಲ. ಗಾಡಿ ಪಕ್ಕಕ್ಕೆ ಹಾಕಿಸಿ, ಬೆಳಕಿರುವ ಕಡೆ ಇಳಿಯುವುದು, ಆಮೇಲೆ ನಡೆದದ್ದನ್ನು ನಡೆದ ಹಾಗೆ ಬರೆದು ತಿಳಿಸುವುದು, ಅಷ್ಟೇ ಅವಳ ಕೆಲಸ. ಆ ಬರಹವನ್ನು ಡ್ರೈವರಿಗೆ ತೋರಿಸಿ ‘ಇದಕ್ಕೆ ಏನಂತೀಯ?’ ಎನ್ನಬೇಕಾದವರು ನಡುವೆ ಕೂತವರು. ಅವರು ಕೇಳಲಿಲ್ಲ. ಕೇಳಿದ್ದರೆ ರುದ್ರೇಶ್ ಒಂದೋ ಸುಳ್ಳು ಹೇಳುತ್ತಿದ್ದರು, ಇಲ್ಲವೇ ಒಪ್ಪಿಕೊಳ್ಳುತ್ತಿದ್ದರು. ಎರಡರಲ್ಲಿ ಯಾವುದಾದರೂ ಆಗಿದ್ದರೆ ವಿಷಯ ಒಂದು ಕಡೆ ಕೂರುತ್ತಿತ್ತು. ಕೇಳದೆ ಬಂದ ಶಿಕ್ಷೆ ಅವರ ಕೈಗೆ ಒಂದು ನೆಪ ಕೊಟ್ಟಿತು: ‘ನನಗೆ ಅನ್ಯಾಯವಾಗಿದೆ’. ಅದೂ ನಿಜವೇ. ಆ ನಿಜದ ಅಡಿಯಲ್ಲಿ ಇನ್ನೊಂದು ನಿಜವನ್ನು ಹೂತಿಟ್ಟು, ಅದರ ಮೇಲೆ ರಾತ್ರಿಯಿಡೀ ಕಾವಲು ಕೂರುತ್ತಿದ್ದರು.

ಸಲಹೆಗಳು ಆಮೇಲೆ ಸುಲಭವಾದವು.

ನಿದ್ದೆಗೆ: ಕಾರಿನಿಂದ ಜಗಲಿಗೆ, ಜಗಲಿಯಿಂದ ಪಡಸಾಲೆಗೆ, ಆಮೇಲೆ ಕೋಣೆಗೆ. ಒಂದೊಂದಕ್ಕೂ ಬೇಕಾದಷ್ಟು ದಿನ. ಮಧ್ಯಾಹ್ನ ಮೂರರ ಮೇಲೆ ಚಹಾ ಇಲ್ಲ. ಎಚ್ಚರವಿರಲು ಕಲಿತಿದ್ದ ಗುಟ್ಕಾ ಸಂಜೆಗೆ ಮೊದಲು ನಿಲ್ಲಬೇಕು, ನಿಕೋಟಿನ್ ನಿದ್ದೆಯ ಶತ್ರು. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಕೂರುವುದು, ತೂಕಡಿಕೆ ಬಂದ ಮೇಲೆ ಮತ್ತೆ ಮಲಗುವುದು. ಫೋನ್ ರಾತ್ರಿ ಒಂಬತ್ತಕ್ಕೆ ಶೋಭಾ ಕೈಗೆ. ‘3.15ಕ್ಕೆ ಎದೆ ಹೊಡ್ಕೊಂಡ್ರೆ ಯಾರಿಗೆ ಹೇಳ್ಲಿ?’ ಅಂದರು. ಆ ಹೊತ್ತಿಗೆ ನಾನು ಫೋನ್ ಎತ್ತುವುದಿಲ್ಲ ಎಂದು ನೇರವಾಗಿ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎರಡು ಸಲ ಮಾಡಿದರಂತೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರವೂ ಕಳಿಸಿದೆ. ಖಿನ್ನತೆ ಎಷ್ಟಿದೆ ಎಂದು ಅಳೆಯುವುದು ನನ್ನೊಬ್ಬಳ ಕೆಲಸವಲ್ಲ. ಅಲ್ಲಿ ಬಿಪಿ ಕೂಡ ಸಿಕ್ಕಿತು.

ಎರಡು ಪತ್ರ ಬರೆಯಲು ಹೇಳಿದೆ. ಒಂದು ಆ ಹುಡುಗಿಗೆ, ಕಳಿಸಲು ಅಲ್ಲ. ಅವಳನ್ನು ಹುಡುಕುವುದಾಗಲಿ, ಹಳೆಯ ನಂಬರ್ ತೆಗೆಯುವುದಾಗಲಿ ಕೂಡದು ಎಂದು ಮೊದಲೇ ಮಾತು ತೆಗೆದುಕೊಂಡೆ. ಕ್ಷಮೆ ಕೇಳಿ ಹಗುರಾಗುವ ಆಸೆಗೆ ಇನ್ನೊಬ್ಬರನ್ನು ಹೆದರಿಸಬಾರದು. ಇನ್ನೊಂದು ಕಂಪನಿಗೆ, ಹನ್ನೆರಡನೆಯದು, ಈ ಸಲ ‘ಹೌದು, ನಿದ್ದೆ ಬಂದಿತ್ತು’ ಎಂದು. ಅದನ್ನು ಕಳಿಸಿದರು. ಅದಕ್ಕೂ ಅದೇ ಉತ್ತರ ಬಂತು. ನನಗೆ ಸಿಟ್ಟು ಬಂತು, ಅವರಿಗೆ ನಗು ಬಂತು.

ಶೋಭಾಗೆ ಹೇಳಿದ್ದು ನನ್ನ ಕೋಣೆಯಲ್ಲೇ. ಹೆಂಡತಿ ಕರಗಿ ಕೈ ಹಿಡಿಯುತ್ತಾಳೆ ಎಂದು ನಾನು ಎಣಿಸಿದ್ದೆ. ಅವರು ಕೈ ಬೆರಳು ಮಡಚಿ ತಿಂಗಳು ಎಣಿಸಿದರು. "ದಸರಾ ರಜೆಗೆ ನಾವು ಬಂದಿದ್ವಲ್ಲ. ಡ್ಯೂಟಿ ಮುಗಿಸಿ ರಾತ್ರಿನೇ ನಮ್ಮನ್ನ ಊರಿಗೆ ಕರ್ಕಂಡ್ ಬಂದ್ರಿ. ಮಗಳು ಮುಂದಿನ ಸೀಟಲ್ಲಿ ಕೂತಿದ್ಲು. ಅವತ್ತೂ ಇದೇ ಕಣ್ಣಾ?" ರುದ್ರೇಶ್ ತಲೆ ತಗ್ಗಿಸಿದರು. ಶೋಭಾ ಎದ್ದು ಹೊರಟರು. ಒಂದು ವಾರ ಮಾತಿಲ್ಲ. ನಾನು ಮಧ್ಯೆ ಬಾಯಿ ಹಾಕಲಿಲ್ಲ, ಆ ಸಿಟ್ಟು ಅವರಿಗೆ ಸಲ್ಲಬೇಕಾದದ್ದು. ಒಂದು ಮಾತನ್ನಂತೂ ಹೇಳಬೇಕು: ಕೇಳಿ, ಸಿಟ್ಟಾಗಿ, ವಾರದ ಮೇಲೆ ತಟ್ಟೆ ಹಾಕಿ ಶೋಭಾ ಊಟಕ್ಕೆ ಕರೆದ ರಾತ್ರಿಯೇ ರುದ್ರೇಶ್ ಕಾರು ಬಿಟ್ಟು ಜಗಲಿಗೆ ಬಂದದ್ದು. ನನ್ನ ಪಟ್ಟಿಯ ಪ್ರಕಾರ ಇನ್ನೂ ಹತ್ತು ದಿನ ಇತ್ತು.

ಸಾಲದ್ದು ಮನಸ್ಸಿನ ವಿಷಯವಲ್ಲ ಎಂದು ಕೆಲವರು ತಿಳಿಯುತ್ತಾರೆ. ಮೂರು ಕಂತು ಬಾಕಿಯಿದ್ದು, ಗೇಟಿನ ಸದ್ದಿಗೆ ಬೆಚ್ಚುವವರಿಗೆ ಉಸಿರಾಟದ ವ್ಯಾಯಾಮ ಹೇಳಿ ಕಳಿಸಿದರೆ ಪ್ರಯೋಜನವಿಲ್ಲ. ವಸೂಲಿಯವರು ಬರುವ ಮೊದಲು ನೀವೇ ಫೈನಾನ್ಸ್ ಆಫೀಸಿಗೆ ಹೋಗಿ ಎಂದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಇದು 2022ರ ರಿಸರ್ವ್ ಬ್ಯಾಂಕ್ ಸೂಚನೆ. ಕೇಳುವುದನ್ನೆಲ್ಲ ಬರವಣಿಗೆಯಲ್ಲಿ ಕೇಳಿ ಎಂದೆ. ಕಂತಿನ ಅವಧಿ ಉದ್ದವಾಯಿತು, ಕಂತು ಸಣ್ಣದಾಯಿತು, ಒಟ್ಟು ಬಡ್ಡಿ ಏರಿತು. ಇದಕ್ಕಿಂತ ಒಳ್ಳೆಯ ದಾರಿ ಸಿಗಲಿಲ್ಲ.

ಈಗ ಊರಲ್ಲೇ ಬಾಡಿಗೆ ಹೊಡೆಯುತ್ತಾರೆ. ಮದುವೆ ಸೀಸನ್, ಡಯಾಲಿಸಿಸ್‌ಗೆ ಹೋಗಿಬರುವ ಇಬ್ಬರು ಅಜ್ಜಂದಿರು, ಚಿತ್ರದುರ್ಗದ ಕೋಟೆ ನೋಡಲು ಹೋಗುವ ಸಂಸಾರಗಳು. ಕತ್ತಲಾದ ಮೇಲೆ ಗಾಡಿ ತೆಗೆಯುವುದಿಲ್ಲ. ಬೆಂಗಳೂರಿನಷ್ಟು ದುಡ್ಡಿಲ್ಲ. ಶೋಭಾ ರವಿಕೆ ಹೊಲಿಯುವುದನ್ನು ಹೆಚ್ಚಿಸಿದ್ದಾರೆ, ಅದರ ಬಗ್ಗೆ ಮನೆಯಲ್ಲಿ ಆಗಾಗ ಮಾತು ಬೆಳೆಯುತ್ತದೆ.

2025ರಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ದುಡಿಯುವವರ, ಕಾಯ್ದೆ ಬಂತು. ಇಂಥ ಕೆಲಸಗಾರರನ್ನು ತೆಗೆಯುವಾಗ ಕಾರಣವನ್ನು ಬರೆದು ಕೊಟ್ಟು, 14 ದಿನ ಮೊದಲು ತಿಳಿಸಬೇಕು ಎಂದು ಅದರಲ್ಲಿದೆ. ಪ್ರತಿ ವಹಿವಾಟಿನಲ್ಲಿ ಕೆಲಸಗಾರರಿಗೆ ಸಿಗುವ ಹಣದ ಶೇ. 1ರಿಂದ 5ರಷ್ಟನ್ನು ಕಂಪನಿ ಕಟ್ಟಬೇಕಾದ ಕಲ್ಯಾಣ ಶುಲ್ಕವೂ ಇದೆ. ಅವರ ಪ್ರಕರಣಕ್ಕೆ ತಡವಾಗಿ ಬಂತು, ಆದರೂ ಫೋನ್ ಮಾಡಿ ಹೇಳಿದೆ.

"ಹದಿನಾಲ್ಕು ದಿನ ಕೊಟ್ಟಿದ್ರೆ ಏನ್ ಮಾಡ್ತಿದ್ರಿ?" ಅಂತ ಕೇಳಿದೆ.

"ಮೊದ್ಲು ಎರಡು ದಿನ ಮಲಗ್ತಿದ್ದೆ ರೀ ಮೇಡಂ" ಅಂದರು.

ಹಾಸಿಗೆ ಪಡಸಾಲೆಯವರೆಗೆ ಬಂದಿದೆ, ಕೋಣೆಗೆ ಇನ್ನೂ ಬಂದಿಲ್ಲ. ಕಾರಿನ ಕೀ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆಯಂತೆ. ಮುಂದಿನ ಭೇಟಿ ಯುಗಾದಿ ಕಳೆದ ಮೇಲೆ.