ಹೆಪಟೈಟಿಸ್ ಸಿ ಗುಣವಾದ ಮೇಲೆ ಬಸುರಿ, ಕಾರ್ಡ್ ಟೆಸ್ಟ್ ಮತ್ತೆ ಪಾಸಿಟಿವ್: ರೋಗ ತಿರುಗಿ ಬಂತೇ?

ತಂಗಿ, 12 ವಾರ ಮಾತ್ರೆ ಮುಗಿಸಿ ವರ್ಷವಾಯಿತು, ವೈರಸ್ ಇಲ್ಲ ಅಂತ ರಿಪೋರ್ಟ್ ಬಂದಿತ್ತು, ಈಗ ಮೂರು ತಿಂಗಳ ಬಸುರಿ, ಮೊದಲ ತಪಾಸಣೆಯಲ್ಲೇ ಎಚ್‌ಸಿವಿ (ಲಿವರಿಗೆ ಹತ್ತುವ ಹೆಪಟೈಟಿಸ್ ಸಿ ವೈರಸ್) ಪಾಸಿಟಿವ್ ಅಂದರು, ರೋಗ ತಿರುಗಿ ಬಂತಾ, ಕೂಸಿಗೆ ಹತ್ತುತ್ತಾ ಎಂದು ಕೇಳಿದ್ದೀರಿ. ಅತ್ತೆಯವರಿಗೆ ಇನ್ನೂ ಹೇಳಿಲ್ಲ ಎಂದೂ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿ ತವರು, ಗದಗಕ್ಕೆ ಕೊಟ್ಟ ಮಗಳು. ಇದೇ ಬೇನೆ ಬಂದು ಗುಣವಾಗಿ, ಆಮೇಲೆ ಹೆತ್ತವಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಎದೆಬಡಿತ ಇಳಿಯುವ ಮಾತು ಹೇಳುತ್ತೇನೆ. ಬಸುರಿಯರಿಗೆ ಮೊದಲ ಸಲ ಮಾಡುವುದು ಸಾಮಾನ್ಯವಾಗಿ ಕಾರ್ಡ್ ಟೆಸ್ಟ್. ಅದು ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ ಬಂದಾಗ ಮೈ ತಯಾರಿಸಿಕೊಂಡ ಆಂಟಿಬಾಡಿಯನ್ನು ಹುಡುಕುತ್ತದೆ. ವೈರಸ್ ಹೋದರೂ ಆಂಟಿಬಾಡಿ ವರ್ಷಾನುಗಟ್ಟಲೆ, ಬಹಳ ಜನರಲ್ಲಿ ಜೀವನಪೂರ್ತಿ ಉಳಿಯುತ್ತದೆ. ಗಾಯ ಮಾಯ್ದರೂ ಕಲೆ ಹೋಗುವುದಿಲ್ಲವಲ್ಲ, ಹಾಗೆ. ಇವತ್ತು ಮಾಡಿದರೂ, ಹತ್ತು ವರ್ಷ ಬಿಟ್ಟು ಮಾಡಿದರೂ ನಿಮ್ಮ ಕಾರ್ಡಿನಲ್ಲಿ ಎರಡು ಗೆರೆ ಮೂಡಬಹುದು. ವೈರಸ್ ಇದೆಯೋ ಇಲ್ಲವೋ ಹೇಳುವುದು ಎಚ್‌ಸಿವಿ ಆರ್‌ಎನ್‌ಎ ಟೆಸ್ಟ್ ಮಾತ್ರ. ನಮ್ಮ ಕಡೆ ವೈರಲ್ ಲೋಡ್ ಅನ್ನುತ್ತಾರೆ.

ಇನ್ನು ನೀವು ಬರೆಯದೇ ಬಿಟ್ಟ ಒಂದು ವಿಷಯ ನನಗೆ ಬೇಕು. ‘ವೈರಸ್ ಇಲ್ಲ’ ಅಂದ ಆ ರಿಪೋರ್ಟಿನ ತಾರೀಖು ಯಾವುದು? ಕೊನೆಯ ಮಾತ್ರೆ ನುಂಗಿದ ವಾರದ್ದಾ, ಅದಾಗಿ ಮೂರು ತಿಂಗಳ ನಂತರದ್ದಾ? ಇದರ ಮೇಲೆಯೇ ಎಲ್ಲ ನಿಂತಿದೆ.

ನನ್ನದನ್ನೇ ಹೇಳುತ್ತೇನೆ. 1998ರಲ್ಲಿ, ಐದು ವರ್ಷದವಳಿದ್ದಾಗ, ನನಗೊಂದು ಆಪರೇಷನ್ ಆಗಿ ರಕ್ತ ಕೊಟ್ಟಿದ್ದರು. ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2001ರಲ್ಲಿ. ಅಲ್ಲಿಂದಲೇ ಬಂದಿರಬೇಕು ಅಂದರು. ಇಪ್ಪತ್ತು ವರ್ಷ ಏನೂ ಗೊತ್ತಾಗಲಿಲ್ಲ. ಮದುವೆಯಾದ ಮೇಲೆ 2019ರಲ್ಲಿ ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಸಿಕ್ಕಿತು. ಸೊಫೋಸ್ಬುವಿರ್ ಒಂದು, ಡಕ್ಲಾಟಾಸ್ವಿರ್ ಒಂದು, ದಿನಾ ಊಟವಾದ ಮೇಲೆ, 84 ದಿನ. 85ನೇ ದಿನ ಟೆಸ್ಟ್ ಮಾಡಿಸಿ, ಇಲ್ಲ ಅಂತ ಬಂದದ್ದೇ ನಾನು ಪೇಡೆ ಹಂಚಲು ಹೊರಟಿದ್ದೆ. ಡಾಕ್ಟರು ತಡೆದರು. “ಇನ್ನೂ 12 ವಾರ ತಡೀರಿ, ತಿರುಗಿ ಬರೂದಿದ್ರ ಈ 12 ವಾರದಾಗ ಬರ್ತದ” ಅಂದರು.

ಆ 12 ವಾರ ನಾನು ಮೈ ಕೈ ನೋಯ್ದರೂ ಅಳುತ್ತಿದ್ದೆ. ಕನ್ನಡಿ ಮುಂದೆ ನಿಂತು ಕಣ್ಣು ಹಳದಿಯಾಗಿದೆಯಾ ಎಂದು ದಿನಕ್ಕೆ ನಾಲ್ಕು ಸಲ ನೋಡಿಕೊಳ್ಳುತ್ತಿದ್ದೆ. ಆಮೇಲಿನ ಟೆಸ್ಟಿನಲ್ಲೂ ವೈರಸ್ ಪತ್ತೆಯಾಗಲಿಲ್ಲ. ಅದಕ್ಕೆ ಡಾಕ್ಟರುಗಳು ಎಸ್‌ವಿಆರ್ 12 ಅನ್ನುತ್ತಾರೆ, ಗುಣವಾಯಿತು ಅನ್ನುವ ಪದ ಬಳಸುವುದು ಅಲ್ಲಿಂದ ಮುಂದೆ. ಈ ಮಾತ್ರೆಗಳಿಂದ 100ರಲ್ಲಿ 95ಕ್ಕಿಂತ ಹೆಚ್ಚು ಜನ ಆ ಗೆರೆ ದಾಟುತ್ತಾರೆ. ದಾಟಿದವರಲ್ಲಿ ಹಳೆಯ ವೈರಸ್ ಮತ್ತೆ ಕಾಣಿಸಿಕೊಳ್ಳುವುದು 100ಕ್ಕೆ ಒಬ್ಬರಿಗೂ ಇಲ್ಲ. ಹೆಪಟೈಟಿಸ್ ಬಿ ಹಾಗೆ ಇದು ಜೀವಕೋಶದ ಒಳಗೆ ಅಡಗಿ ಕೂತು ಬಸಿರು ಬಂದಾಗ ಹೊರಗೆ ಬರುವ ಜಾತಿಯದಲ್ಲ. ನಾನು ಈ ಎರಡನ್ನೂ ಒಂದೇ ಅಂದುಕೊಂಡು ಬಹಳ ನಿದ್ದೆ ಕೆಡಿಸಿಕೊಂಡೆ.

ನಿಮ್ಮ ರಿಪೋರ್ಟ್ 12 ವಾರ ದಾಟಿದ ಮೇಲಿನದಾದರೆ ಅದರ ಝೆರಾಕ್ಸ್ ತೆಗೆಸಿ ತಾಯಿ ಕಾರ್ಡಿಗೆ ಪಿನ್ ಮಾಡಿ. ಮಾತ್ರೆ ಮುಗಿದ ದಿನದ್ದೇ ಆಗಿದ್ದು ಮತ್ತೆ ಟೆಸ್ಟ್ ಆಗಿಲ್ಲವಾದರೆ ತಡಮಾಡದೆ ಆರ್‌ಎನ್‌ಎ ಮಾಡಿಸಿ. ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಗಿದೆ, ಅದರಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಖಾಸಗಿಯಲ್ಲಿ ದುಡ್ಡು ಸುರಿಯುವ ಮುಂಚೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಹೇಗಿದ್ದರೂ ಒಂದು ಸಲ ಆರ್‌ಎನ್‌ಎ ಮಾಡಿಸಿಕೊಂಡರೆ ಮನಸ್ಸಿಗೆ ಸಮಾಧಾನ. ಆದರೆ ತಿಂಗಳಿಗೊಮ್ಮೆ ಬೇಡ, ನಾನು ಹಾಗೆ ಮಾಡಿ ಹಣವನ್ನೂ ನೆಮ್ಮದಿಯನ್ನೂ ಕಳಕೊಂಡೆ.

ಒಂದು ಔಷಧ ಮಾತ್ರ ಹಳೆಯ ಚೀಟಿಯಲ್ಲಿ ಹುಡುಕಿ: ರೈಬಾವಿರಿನ್. ಕೆಲವರಿಗೆ ಜೊತೆಗೆ ಕೊಟ್ಟಿರುತ್ತಾರೆ. ಹೊಟ್ಟೆಯಲ್ಲಿರುವ ಕೂಸಿನ ಬೆಳವಣಿಗೆಗೆ ಅದು ಕೆಟ್ಟದ್ದು, ಹಾಗಾಗಿ ನಿಲ್ಲಿಸಿದ ಮೇಲೂ 6ರಿಂದ 9 ತಿಂಗಳು ಬಸಿರು ಬೇಡ ಅನ್ನುತ್ತಾರೆ. ಮಾತ್ರೆ ಮುಗಿಸಿ ವರ್ಷ, ಬಸಿರಿಗೆ ಮೂರು ತಿಂಗಳು ಅಂದರೆ ನಿಮ್ಮ ನಡುವಿನ ಅಂತರ ಸುಮಾರು 9 ತಿಂಗಳು; ಚೀಟಿಯಲ್ಲಿ ಆ ಹೆಸರು ಸಿಕ್ಕರೆ ತಾರೀಖು ಸಮೇತ ಡಾಕ್ಟರಿಗೆ ತೋರಿಸಿ.

ಕೂಸಿನ ವಿಷಯ. ತಾಯಿಯ ರಕ್ತದಲ್ಲಿ ವೈರಸ್ ಇದ್ದಾಗಲೇ 100 ಮಕ್ಕಳಲ್ಲಿ ಸುಮಾರು 5-6 ಮಕ್ಕಳಿಗೆ ಹೋಗುತ್ತದೆ. ವೈರಸ್ಸೇ ಇಲ್ಲದಿದ್ದರೆ ಹೋಗುವುದಾದರೂ ಏನು? ಈ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಹಾಲೂ ಕುಡಿಸಬಹುದು. ನನ್ನದು ನಾರ್ಮಲ್ ಹೆರಿಗೆ, ಎರಡು ವರ್ಷ ಹಾಲು ಕುಡಿಸಿದೆ.

ಆದರೆ ನಾನೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ತಾಳಲಾರದೆ ಮಗಳಿಗೆ ಎಂಟು ತಿಂಗಳಿದ್ದಾಗ ಯಾರಿಗೂ ಹೇಳದೆ ಲ್ಯಾಬಿಗೆ ಎತ್ತಿಕೊಂಡು ಹೋಗಿ ಕಾರ್ಡ್ ಟೆಸ್ಟ್ ಮಾಡಿಸಿದೆ. ಪಾಸಿಟಿವ್. ಆ ಸಂಜೆ ಮನೆಗೆ ಹೇಗೆ ಬಂದೆನೋ ಇವತ್ತಿಗೂ ನೆನಪಿಲ್ಲ. ಮರುದಿನ ಮಕ್ಕಳ ಡಾಕ್ಟರು ವಿವರಿಸಿದರು: ತಾಯಿಯ ಆಂಟಿಬಾಡಿ ಕೂಸಿನ ಮೈಗೆ ಇಳಿದಿರುತ್ತದೆ, ಅದು ಪೂರ್ತಿ ಹೋಗಲು 18 ತಿಂಗಳವರೆಗೂ ಹಿಡಿಯಬಹುದು, ಅದಕ್ಕೆ ಮುಂಚೆ ಆ ಟೆಸ್ಟಿಗೆ ಅರ್ಥವಿಲ್ಲ. 18 ತಿಂಗಳು ತುಂಬಿದ ಮೇಲೆ ಮಾಡಿಸಿದೆವು, ನೆಗೆಟಿವ್ ಬಂತು. ಈಗ ಅಂಗನವಾಡಿಗೆ ಓಡುತ್ತಾಳೆ.

ಬಸುರಿಯಿದ್ದಾಗ ಲಿವರ್ ರಿಪೋರ್ಟ್ ನೋಡಿ ನೀವೇ ಹೆದರಬೇಡಿ. ಅದರಲ್ಲಿ ಎಎಲ್‌ಪಿ ಅನ್ನುವ ಕಿಣ್ವ ಏರುತ್ತದೆ, ಅದು ಮಾಸಿನಿಂದ (ಪ್ಲಾಸೆಂಟಾದಿಂದ) ಬರುವುದು. ಮೈಯಲ್ಲಿ ನೀರಿನಂಶ ಹೆಚ್ಚುವುದರಿಂದ ರಕ್ತದ ಅಲ್ಬುಮಿನ್ ಅನ್ನುವ ಪ್ರೋಟೀನ್ ಇಳಿಯುತ್ತದೆ. ಲಿವರಿಗೆ ಪೆಟ್ಟಾದಾಗ ಏರುವ ಎಸ್‌ಜಿಪಿಟಿ ಏರಿದರೆ, ಕಣ್ಣು ಹಳದಿಯಾದರೆ, ಕೊನೆಯ ತಿಂಗಳುಗಳಲ್ಲಿ ಅಂಗೈ ಅಂಗಾಲು ರಾತ್ರಿ ವಿಪರೀತ ತುರಿಸಿದರೆ ಅದೇ ದಿನ ತೋರಿಸಿ. ಹಳೇ ರೋಗವೇ ಇರಬೇಕು ಎಂದು ಸುಮ್ಮನೆ ಕೂರುವುದಾಗಲಿ, ಕಾಮಣಿಗೆ ಹಳ್ಳಿ ಔಷಧ ಕುಡಿಯುವುದಾಗಲಿ ಬೇಡವೇ ಬೇಡ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಇ ಬಸುರಿಯರ ಜೀವಕ್ಕೇ ಬರುತ್ತದೆ. ವಾರಗಟ್ಟಲೆ ನಳ ಬಾರದೆ ನೀರು ತುಂಬಿಟ್ಟುಕೊಳ್ಳುವ ಊರು ನಮ್ಮದು, ನೀರು ಕುದಿಸಿಯೇ ಕುಡಿಯಿರಿ. ಚಿಕಿತ್ಸೆಗೆ ಮುಂಚೆ ಲಿವರ್ ಗಟ್ಟಿಯಾಗಿದೆ, ಸಿರೋಸಿಸ್ ಇದೆ ಅಂದಿದ್ದರೆ ನಿಮ್ಮ ಬಸಿರನ್ನು ಹೆರಿಗೆ ಡಾಕ್ಟರ್ ಜೊತೆ ಲಿವರ್ ಡಾಕ್ಟರೂ ನೋಡಲೇಬೇಕು.

ಹೊಸದಾಗಿ ಮತ್ತೆ ಅಂಟಬಹುದು ಅನ್ನುವುದು ನಿಜ, ಇದಕ್ಕೆ ಲಸಿಕೆಯಿಲ್ಲ. ಸೂಜಿಯ ಮೇಲೆ ಕಣ್ಣಿಡಿ. ಸುಸ್ತಾಯಿತು ಎಂದು ಎಲ್ಲೆಂದರಲ್ಲಿ ಸಲೈನ್ ಹಚ್ಚಿಸಿಕೊಳ್ಳಬೇಡಿ. ಕೂಸಿನ ಕಿವಿ ಚುಚ್ಚಿಸುವಾಗ ಹೊಸ ಸೂಜಿ ಕಣ್ಣೆದುರೇ ಬಿಚ್ಚಿಸಿ.

ಅತ್ತೆಯವರ ವಿಷಯ. ನಾನೂ ಮುಚ್ಚಿಟ್ಟಿದ್ದೆ. ನಾನು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಎಚ್‌ಸಿವಿ ಪಾಸಿಟಿವ್ ಎಂದು ದೊಡ್ಡದಾಗಿ ಬರೆದು, ನನ್ನನ್ನು ಬೇರೆ ಬೆಂಚಿನಲ್ಲಿ ಕೂರಿಸಿದರು. ಕುಬಸಕ್ಕೆ ಎಂಟು ದಿನ ಇತ್ತು. ಅತ್ತೆ ಜೊತೆಗೇ ಇದ್ದರು, “ಏನ್ ಬರದಾರವಾ ಇದು?” ಅಂದರು. ಬಸ್ಸಿನಲ್ಲಿ ಬರುತ್ತಾ ಎಲ್ಲ ಹೇಳಿದೆ: ಸಣ್ಣವಳಿದ್ದಾಗ ಕೊಟ್ಟ ರಕ್ತ, ಮಾತ್ರೆ, 12 ವಾರ. ಒಂದು ತಾಟಿನಲ್ಲಿ ಉಂಡರೆ, ಮುಟ್ಟಿದರೆ ಬರುವ ರೋಗ ಅಲ್ಲ ಅಂತಲೂ ಹೇಳಿದೆ. ಊರು ಬರುವ ತನಕ ಅತ್ತೆ ಮಾತಾಡಲಿಲ್ಲ. ಇಳಿದ ಮೇಲೆ “ಗುಣಾ ಆಗೇತಿ ಅಂದ್ರ ಮುಗೀತಲ್ಲ, ಇಷ್ಟ್ ದಿನ ಒಬ್ಬಾಕಿನ ಯಾಕ ಹೊತ್ಕೊಂಡಿದ್ದಿ” ಅಂದರು. ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಎಂದು ಹೇಳಲಾರೆ. ನಿಮ್ಮ ಯಜಮಾನರಿಗಾದರೂ ಇವತ್ತೇ ಹೇಳಿ, ಮುಂದಿನ ತಪಾಸಣೆಗೆ ಅವರನ್ನು ಕರೆದುಕೊಂಡು ಹೋಗಿ.

ಈಗ ಎದ್ದು ಆ ಹಳೆಯ ರಿಪೋರ್ಟ್ ತೆಗೆಯಿರಿ. ಕೊನೆಯ ಮಾತ್ರೆಯ ದಿನ, ಟೆಸ್ಟಿನ ದಿನ, ಎರಡೂ ತಾರೀಖು ಇಲ್ಲೇ ಕೆಳಗೆ ಬರೆಯಿರಿ. ನಾನು ನೋಡುತ್ತಿರುತ್ತೇನೆ.