ಆ ಮಗುವಿನ ಅಮ್ಮನ ಹೆಸರೇನು?

ಓದುಗರ ಪತ್ರ

ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು ಹೀಗೆ ಬರೆದಿದ್ದಾರೆ:

‘ಮಗಳು ಅಮೆರಿಕದ ಕ್ಯಾನ್ಸಾಸ್ ರಾಜ್ಯದ ವಿಚಿಟಾದಲ್ಲಿದ್ದಾಳೆ. ಮೂರು ತಿಂಗಳು ಅವಳ ಮನೆಯಲ್ಲಿದ್ದೆ. ಒಂದು ಭಾನುವಾರ ಕಾಂಕಾರ್ಡಿಯಾ ಅನ್ನುವ ಸಣ್ಣ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹಳೆಯ ರೈಲ್ವೆ ಸ್ಟೇಷನ್ನನ್ನು ಮ್ಯೂಸಿಯಂ ಮಾಡಿದ್ದಾರೆ. ನ್ಯೂಯಾರ್ಕಿನಿಂದ ಅನಾಥ ಮಕ್ಕಳನ್ನು ರೈಲಿನಲ್ಲಿ ತಂದು ಹಳ್ಳಿಗಳಲ್ಲಿ ಹಂಚಿದ ಕಥೆ. ಹಳೆಯ ಫೋಟೊ, ಸಣ್ಣ ಸಣ್ಣ ಪೆಟ್ಟಿಗೆ, ಕಾಗದ ಇಷ್ಟೇ ಇರುವುದು. ಊರಿನ ಬೀದಿಗಳಲ್ಲೆಲ್ಲ ಆ ಮಕ್ಕಳ ಪುತ್ಥಳಿ. “ಇದಕ್ಕಾಗಿ ಎರಡೂವರೆ ಗಂಟೆ ಕಾರು ಓಡಿಸಿದೆವಾ” ಅಂದ ಅಳಿಯ. ಅನ್ನ ಇಲ್ಲದ ಮಕ್ಕಳಿಗೆ ಮನೆ ಸಿಕ್ಕಿತು, ಒಳ್ಳೆಯದೇ ಆಯಿತು, ಈಗ ಕೆದಕಿ ಏನು ಪ್ರಯೋಜನ ಅಂತಲೂ ಅಂದ. ನನಗೂ ಹೌದು ಅನ್ನಿಸಿತು. ಆದರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂತ ನೀವು ಹೇಳುತ್ತೀರಾ?’

ಸಂಪಾದಕರ ಉತ್ತರ

ಮೇಡಂ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ನಾಲ್ಕು ಸಾಲು ಬರೆದು ಮುಗಿಸೋಣ ಅಂತ ಎರಡು ಸಲ ಕೂತೆ. ಆಗಲಿಲ್ಲ. ಯಾಕೆ ನಿದ್ದೆ ಬರಲಿಲ್ಲ ಅಂತ ನೀವು ಕೇಳಿದ್ದೀರಿ. ನನಗೆ ಗೊತ್ತಿರುವ ಒಬ್ಬ ಹುಡುಗನ ಕಥೆ ಮೊದಲು ಹೇಳುತ್ತೇನೆ.

ನಮ್ಮ ಅಜ್ಜನ ಮನೆಯಲ್ಲಿ ಒಬ್ಬ ಹುಡುಗ ಇದ್ದ. ಏಳೆಂಟು ವರ್ಷದವನಿದ್ದಾಗ ಯಾರೋ ದೂರದ ಊರಿನಿಂದ ಕರೆತಂದು ಬಿಟ್ಟು ಹೋಗಿದ್ದರಂತೆ. ದನ ಕಾಯುತ್ತಿದ್ದ, ಕೊಟ್ಟಿಗೆ ಬಳಿಯುತ್ತಿದ್ದ. ಊಟ ಬಟ್ಟೆಗೆ ಯಾವತ್ತೂ ಕಡಿಮೆ ಮಾಡಲಿಲ್ಲ. ‘ನಮ್ಮನೆ ಮಗನ ಥರಾನೇ’ ಅಂತ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಸುಳ್ಳಲ್ಲ. ಅವನಿಗೆ ಹೆಣ್ಣು ನೋಡಿದ್ದೂ ಅಜ್ಜನೇ. ಲಗ್ನಪತ್ರಿಕೆ ಬರೆಯಲು ಕೂತಾಗ ಮಾತ್ರ ಎಲ್ಲರೂ ಸುಮ್ಮನಾದರು. ವರನ ತಂದೆ ತಾಯಿ ಹೆಸರು ಹಾಕಬೇಕಲ್ಲ? ಅವನನ್ನೇ ಕೇಳಿದರು. ‘ಅವ್ವ ಕೆಂಪು ಸೀರೆ ಉಡ್ತಿದ್ಲು’ ಅಂದ. ಅವನಿಗೆ ನೆನಪಿದ್ದದ್ದು ಅಷ್ಟೇ. ಕೊನೆಗೆ ಆ ಸಾಲನ್ನು ಬಿಟ್ಟು ಪತ್ರಿಕೆ ಅಚ್ಚು ಹಾಕಿಸಿದರು.

ಹದಿನೈದು ವರ್ಷ ಅವನು ನಮ್ಮ ಮನೆಯ ಅನ್ನ ಉಂಡಿದ್ದ. ಆ ಹದಿನೈದು ವರ್ಷದಲ್ಲಿ ಒಬ್ಬರೂ ಅವನ ತಾಯಿಯ ಹೆಸರು ಕೇಳಿರಲಿಲ್ಲ. ಬಂದ ದಿನವೇ ಕೇಳಿದ್ದರೆ ಹೇಳುತ್ತಿದ್ದನೇನೋ. ಕಾಂಕಾರ್ಡಿಯಾದ ಆ ಸ್ಟೇಷನ್ನಿನಲ್ಲಿ ನೀವು ಕಂಡದ್ದು ಇಂಥವೇ ಮಕ್ಕಳನ್ನು ಅಂತ ನನ್ನ ನಂಬಿಕೆ.

ಈಗ ನಿಮ್ಮ ಅಳಿಯನವರ ಮಾತಿಗೆ ಬರುತ್ತೇನೆ. ಅದರಲ್ಲಿ ಸತ್ಯ ಇಲ್ಲ ಅನ್ನಲಾರೆ. 1850ರ ಹೊತ್ತಿನ ನ್ಯೂಯಾರ್ಕ್ ಬೀದಿಗಳಲ್ಲಿ ಸಾವಿರಾರು ಮಕ್ಕಳು ಮಲಗುತ್ತಿದ್ದರು. ಪೇಪರ್ ಮಾರುತ್ತಿದ್ದರು, ಚಿಂದಿ ಆಯುತ್ತಿದ್ದರು, ಸಿಕ್ಕಿಬಿದ್ದರೆ ದೊಡ್ಡವರ ಜೊತೆಗೇ ಜೈಲಿಗೆ ಹೋಗುತ್ತಿದ್ದರು. ಚಾರ್ಲ್ಸ್ ಲೋರಿಂಗ್ ಬ್ರೇಸ್ ಅನ್ನುವ ತರುಣ ಪಾದ್ರಿ ಇದನ್ನು ನೋಡಿ ಸಹಿಸಲಾರದೆ 1853ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿಯನ್ನು ಕಟ್ಟಿದ. ದೊಡ್ಡ ದೊಡ್ಡ ಅನಾಥಾಶ್ರಮಗಳಲ್ಲಿ ಕೂಡಿಹಾಕುವುದಕ್ಕಿಂತ ರೈತರ ಮನೆಯಲ್ಲಿ ಬೆಳೆಯುವುದು ಮಗುವಿಗೆ ಒಳ್ಳೆಯದು ಅಂತ ನಂಬಿದ. ಆ ಕಾಲಕ್ಕೆ ಅದು ದೊಡ್ಡ ಮಾತೇ. ಮರುವರ್ಷ, 1854ರ ಅಕ್ಟೋಬರಿನಲ್ಲಿ, ಮೊದಲ ತಂಡ ಮಿಷಿಗನ್ ರಾಜ್ಯದ ಡೊವಾಜಾಕ್ ಊರಿಗೆ ಹೋಯಿತು. 1859ರಲ್ಲಿ ಒಂದೇ ರೈಲಿನಲ್ಲಿ ಇಂಡಿಯಾನಾಗೆ ಹೋದ ಇಬ್ಬರು ಹುಡುಗರಲ್ಲಿ ಆಂಡ್ರ್ಯೂ ಬರ್ಕ್ ಮುಂದೆ ನಾರ್ತ್ ಡಕೋಟಾದ ಗವರ್ನರ್ ಆದ, ಜಾನ್ ಬ್ರೇಡಿ ಅಲಾಸ್ಕಾದ ಗವರ್ನರ್ ಆದ. ಈ ಇಬ್ಬರ ಹೆಸರನ್ನು ಎಲ್ಲರೂ ಹೇಳುತ್ತಾರೆ.

ಆದರೆ 1929ರವರೆಗೆ, ಎಪ್ಪತ್ತೈದು ವರ್ಷ, ಈ ರೈಲುಗಳು ಓಡಿದವು. ಹೋದ ಮಕ್ಕಳು ಎರಡು ಲಕ್ಷಕ್ಕೂ ಜಾಸ್ತಿ. ಗವರ್ನರ್ ಆದವರು ಇಬ್ಬರು. ಉಳಿದವರ ಮಾತು ಯಾರು ಆಡಬೇಕು?

ಆ ಮಕ್ಕಳನ್ನು ಹಂಚಿದ ರೀತಿ ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೊದಲು ಊರಿನಲ್ಲಿ ಕರಪತ್ರ ಹಂಚುತ್ತಿದ್ದರು: ಇಂಥ ದಿನ, ಇಂಥ ಕಡೆ ಮಕ್ಕಳು ಬರುತ್ತಾರೆ, ಮನೆ ಬೇಕಾಗಿದೆ ಅಂತ. ರೈಲು ಬರುತ್ತಿತ್ತು. ಮಕ್ಕಳಿಗೆ ಮುಖ ತೊಳೆಸಿ, ಒಳ್ಳೆಯ ಬಟ್ಟೆ ಹಾಕಿಸಿ, ಚರ್ಚಿನಲ್ಲೋ ನಾಟಕದ ಮಂದಿರದಲ್ಲೋ ವೇದಿಕೆ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಜನ ಹತ್ತಿರ ಬಂದು ನೋಡುತ್ತಿದ್ದರು. ನಮ್ಮ ದನದ ಜಾತ್ರೆಯಲ್ಲಿ ಹೋರಿಯ ಬಾಯಿ ತೆಗೆಸಿ ಹಲ್ಲು ನೋಡುವುದಿಲ್ಲವಾ, ಹಾಗೆ ಹಲ್ಲು ನೋಡಿದವರಿದ್ದರು. ತೋಳು ಹಿಡಿದು ಶಕ್ತಿ ಎಷ್ಟಿದೆ ಅಂತ ನೋಡಿದವರಿದ್ದರು. ಯಾರೂ ಆರಿಸದೆ ಉಳಿದ ಮಕ್ಕಳು ಮತ್ತೆ ರೈಲು ಹತ್ತಿ ಮುಂದಿನ ಊರಿಗೆ ಹೋಗಬೇಕು. ಅಣ್ಣ ಒಂದು ಊರಿನಲ್ಲಿ ಇಳಿದರೆ ತಂಗಿ ಇನ್ನೊಂದು ಊರಿನಲ್ಲಿ. ವಯಸ್ಸಾದ ಮೇಲೂ ಒಬ್ಬರನ್ನೊಬ್ಬರು ಹುಡುಕುತ್ತಲೇ ಇದ್ದವರು ಎಷ್ಟೋ ಜನ.

ಯಾರಿಗೆ ಮಗು ಕೊಡಬೇಕು ಅಂತ ನೋಡಲು ಊರಿನ ಗಣ್ಯರ ಸಮಿತಿ ಇರುತ್ತಿತ್ತು. ಡಾಕ್ಟರು, ಪಾದ್ರಿ, ಅಂಗಡಿ ಸಾಹುಕಾರ. ಎಷ್ಟೋ ಕಡೆ ಊರಿನ ಪತ್ರಿಕೆಯ ಸಂಪಾದಕನೂ ಆ ಸಮಿತಿಯಲ್ಲಿ ಇರುತ್ತಿದ್ದ. ಅದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವನ ಜಾಗದಲ್ಲಿ ನಾನಿದ್ದಿದ್ದರೆ? ರೈಲು ಬಂದ ಸುದ್ದಿ ಬರೆಯುತ್ತಿದ್ದೆ, ಊರಿನವರ ಒಳ್ಳೆಯತನ ಹೊಗಳುತ್ತಿದ್ದೆ. ಮಗುವನ್ನು ಮಾತಾಡಿಸುತ್ತಿದ್ದೆನಾ ಅಂತ ಕೇಳಿಕೊಂಡರೆ ಹೌದು ಅನ್ನಲು ಧೈರ್ಯವಿಲ್ಲ.

ಇನ್ನೊಂದು ವಿಷಯ. ಈ ರೈಲುಗಳಿಗೆ ಬಿದ್ದ ‘ಅನಾಥ ರೈಲು’ ಅನ್ನುವ ಹೆಸರೇ ಅರ್ಧ ತಪ್ಪು. ಇವರಲ್ಲಿ ಬಹಳ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದರು, ಕೆಲವರಿಗೆ ಇಬ್ಬರೂ ಇದ್ದರು. ಗಂಡ ಸತ್ತ ಹೆಂಗಸು, ಕೆಲಸ ಕಳೆದುಕೊಂಡ ಅಪ್ಪ, ಹಡಗಿಳಿದು ಬಂದು ಭಾಷೆ ಬಾರದೆ ನಿಂತ ಸಂಸಾರ, ಇಂಥವರ ಮಕ್ಕಳು. ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರೆ ಮಾಡಬಾರದು ಅಂತ ಅಮೆರಿಕದ ಅಧ್ಯಕ್ಷರು ಕರೆದ ಸಭೆಯೊಂದು ತೀರ್ಮಾನಿಸಿದ್ದು 1909ರಲ್ಲಿ. ಆಮೇಲೆ ರಾಜ್ಯಗಳು ಒಂದೊಂದಾಗಿ ತಾಯಂದಿರಿಗೆ ಪಿಂಚಣಿ ಕೊಡತೊಡಗಿದವು. ಅಷ್ಟು ಹೊತ್ತಿಗೆ ರೈಲು ಶುರುವಾಗಿ ಐವತ್ತೈದು ವರ್ಷ ಕಳೆದಿತ್ತು. ಮಗುವನ್ನು ಸಾವಿರ ಮೈಲಿ ದೂರ ಕಳಿಸುವ ಬದಲು ಆ ತಾಯಿಗೆ ತಿಂಗಳಿಗಿಷ್ಟು ಅಂತ ಕೊಡಬಹುದಿತ್ತು. ಇಷ್ಟು ಸಣ್ಣ ವಿಷಯ ಹೊಳೆಯಲು ಅಷ್ಟು ವರ್ಷ ಬೇಕಾಯಿತು.

ಕೂಸುಗಳ ಕಥೆ ಬೇರೆ. 1869ರಲ್ಲಿ ಸಿಸ್ಟರ್ ಐರೀನ್ ಮತ್ತು ಅವರ ಜೊತೆಯ ಕ್ರೈಸ್ತ ಸನ್ಯಾಸಿನಿಯರು ನ್ಯೂಯಾರ್ಕಿನಲ್ಲಿ, ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಸಾಕುವ ಆಶ್ರಮವೊಂದನ್ನು ತೆರೆದರು; ಮುಂದೆ ಅದಕ್ಕೆ ಫೌಂಡ್ಲಿಂಗ್ ಆಸ್ಪತ್ರೆ ಅನ್ನುವ ಹೆಸರಾಯಿತು. ಬಾಗಿಲ ಹತ್ತಿರ ಒಂದು ತೊಟ್ಟಿಲು ಇಟ್ಟರು. ಸಾಕಲಾಗದ ತಾಯಿ ಕೂಸನ್ನು ತಂದು ಅದರಲ್ಲಿ ಮಲಗಿಸಿ ಹೋಗಬಹುದಿತ್ತು. ಎಷ್ಟೋ ತಾಯಂದಿರು ಕೂಸಿನ ಬಟ್ಟೆಗೆ ಒಂದು ಚೀಟಿ ಸಿಕ್ಕಿಸಿ ಹೋದರು. ಮಗುವಿನ ಹೆಸರು, ತಾವು ಯಾಕೆ ಬಿಟ್ಟು ಹೋಗುತ್ತಿದ್ದೇವೆ ಅನ್ನುವುದು, ಚೆನ್ನಾಗಿ ನೋಡಿಕೊಳ್ಳಿ ಅನ್ನುವ ಬೇಡಿಕೆ. ಆ ಚೀಟಿಗಳನ್ನು ಆ ಸನ್ಯಾಸಿನಿಯರು ಎಸೆಯಲಿಲ್ಲ. ಅವುಗಳಲ್ಲಿ ಎಷ್ಟೋ ಚೀಟಿಗಳು ಇವತ್ತಿಗೂ ನ್ಯೂಯಾರ್ಕಿನಲ್ಲಿ ಇವೆ.

ಅದೇ ಆಸ್ಪತ್ರೆಯ ಮಕ್ಕಳೂ ರೈಲು ಹತ್ತಿದರು. ಇವರನ್ನು ವೇದಿಕೆಯ ಮೇಲೆ ನಿಲ್ಲಿಸುತ್ತಿರಲಿಲ್ಲ. ಯಾವ ಮಗು ಯಾವ ಮನೆಗೆ ಅಂತ ಮೊದಲೇ ಗೊತ್ತುಮಾಡಿ, ಮಗುವಿನ ಅಂಗಿಗೆ ಒಂದು ನಂಬರ್ ಹೊಲಿಯುತ್ತಿದ್ದರು. ಸ್ಟೇಷನ್ನಿಗೆ ಬಂದವರ ಕೈಯಲ್ಲಿ ಅದೇ ನಂಬರಿನ ಚೀಟಿ ಇರುತ್ತಿತ್ತು. ಇಷ್ಟು ಎಚ್ಚರ ಇದ್ದರೂ 1904ರಲ್ಲಿ ಅರಿಜೋನಾದಲ್ಲಿ ಏನಾಯಿತು ಕೇಳಿ. ನಲವತ್ತು ಮಕ್ಕಳನ್ನು ಅಲ್ಲಿನ ಎರಡು ಗಣಿ ಊರುಗಳಿಗೆ ಕಳಿಸಿದರು. ಹೆಚ್ಚಿನವರು ಐರಿಷ್ ಮೂಲದ ಕೂಸುಗಳು, ಪಡೆದವರು ಮೆಕ್ಸಿಕನ್ ಕ್ಯಾಥೊಲಿಕರು. ಬಿಳಿಯ ಮಕ್ಕಳು ಮೆಕ್ಸಿಕನ್ನರ ಮನೆಯಲ್ಲಿ ಬೆಳೆಯುವುದಾ ಅಂತ ಊರಿನ ಬಿಳಿಯರು ಬಂದೂಕು ಹಿಡಿದು ರಾತ್ರಿಯೇ ಮನೆ ಮನೆಗೆ ನುಗ್ಗಿ ಮಕ್ಕಳನ್ನು ಕಿತ್ತುಕೊಂಡರು. ಆಸ್ಪತ್ರೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1906ರಲ್ಲಿ ಸೋತಿತು. ಹತ್ತೊಂಬತ್ತು ಮಕ್ಕಳು ಕಿತ್ತುಕೊಂಡವರ ಹತ್ತಿರವೇ ಉಳಿದರು.

ಇದನ್ನೆಲ್ಲ ಈಗ ಕೆದಕಿ ಏನು ಪ್ರಯೋಜನ ಅಂತ ನೀವು ಕೇಳುತ್ತೀರಿ. ಹಳೆಯದನ್ನು ಮರೆತುಬಿಡು ಅಂತ ಈ ಮಕ್ಕಳಿಗೆ ದೊಡ್ಡವರು ಹೇಳಿದ್ದರು. ಎಷ್ಟೋ ಜನ ನಿಜವಾಗಿ ಬಾಯಿ ಮುಚ್ಚಿಕೊಂಡೇ ಬದುಕಿದರು. ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ಹೇಳಲಿಲ್ಲ. 1986ರಲ್ಲಿ ಅರ್ಕಾನ್ಸಾದಲ್ಲಿ ಒಂದು ಸಂಘ ಹುಟ್ಟಿತು, ರೈಲಿನಲ್ಲಿ ಬಂದವರನ್ನು ಒಂದೆಡೆ ಸೇರಿಸಿತು. ಆಗ ಅವರೆಲ್ಲ ಮುದುಕರು. ‘ನಾನೂ ರೈಲಿನಲ್ಲಿ ಬಂದವಳು’ ಅಂತ ಎಷ್ಟೋ ಜನ ಬಾಯಿಬಿಟ್ಟು ಹೇಳಿದ್ದು ಆಮೇಲೆಯೇ. ಆ ಸಂಘದ ಕಡತಗಳೇ ಮುಂದೆ ಕಾಂಕಾರ್ಡಿಯಾಗೆ ಬಂದವು. 1917ರ ಆ ಸ್ಟೇಷನ್ನನ್ನು ರಿಪೇರಿ ಮಾಡಿ 2007ರಲ್ಲಿ ಮ್ಯೂಸಿಯಂ ತೆರೆದರು. ನೀವು ‘ಕಾಗದ ಇಷ್ಟೇ’ ಅಂದಿರಲ್ಲ, ಆ ಕಾಗದಗಳನ್ನು ಹುಡುಕಿಕೊಂಡು ಮೊಮ್ಮಕ್ಕಳು ಬರುತ್ತಾರೆ. ನಮ್ಮಜ್ಜಿ ಯಾವ ರೈಲಿನಲ್ಲಿ ಬಂದಳು, ಅವಳ ಜೊತೆ ತಮ್ಮ ಒಬ್ಬ ಇದ್ದನಂತೆ, ಅವನು ಎಲ್ಲಿ ಇಳಿದ ಅಂತ ಕೇಳುತ್ತಾರೆ. ಮೇಡಂ, ನೀವು ಸುಮ್ನೆ ದಾಟಿ ಬಂದ ಕಪಾಟಿನಲ್ಲಿ ಒಂದೊಂದು ಮನೆಯ ವಂಶವೇ ಇದೆ. ನಿಮ್ಮಂಥ ಟೀಚರ್ ಅದನ್ನು ‘ಇಷ್ಟೇ’ ಅನ್ನಬಾರದಿತ್ತು.

ನ್ಯೂಯಾರ್ಕಿನಲ್ಲಿ ದತ್ತು ಹೋದವರ ಮೂಲ ಜನ್ಮಪತ್ರವನ್ನು 1930ರ ದಶಕದಿಂದ ಮೊಹರು ಹಾಕಿ ಇಟ್ಟಿದ್ದರು. ದೊಡ್ಡವರಾದ ಮೇಲೆ ಅದನ್ನು ಕೇಳಿ ಪಡೆಯಬಹುದು ಅಂತ ಕಾನೂನು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ತನ್ನ ಅಮ್ಮನ ಹೆಸರು ತಿಳಿಯಲು ಮನುಷ್ಯ ಕಾನೂನಿಗಾಗಿ ಕಾಯಬೇಕಾಯಿತು.

ನಮ್ಮಲ್ಲಿ ಕಾನೂನು ಇದೆ. ದತ್ತು ಹೋದ ಮಗು ದೊಡ್ಡದಾದ ಮೇಲೆ ತನ್ನ ಮೂಲ ಹುಡುಕಬಹುದು ಅಂತ ನಮ್ಮ ದತ್ತು ನಿಯಮಗಳೇ ಹೇಳುತ್ತವೆ. ವಿದೇಶಕ್ಕೆ ಮಕ್ಕಳನ್ನು ದತ್ತು ಕೊಡುವುದಕ್ಕೆ ಸುಪ್ರೀಂ ಕೋರ್ಟು 1984ರಲ್ಲೇ ಕಟ್ಟುನಿಟ್ಟು ಹಾಕಿತು. ಆದರೆ ಕಾಗದ ಇರಬೇಕಲ್ಲ? ಕೆಲವು ವರ್ಷದ ಹಿಂದೆ ಯುರೋಪಿನಿಂದ ಬಂದ ಒಬ್ಬ ಹೆಣ್ಣುಮಗಳ ಜೊತೆ ನಾನು ಒಂದು ಊರಿನ ಹಳೆಯ ಆಶ್ರಮಕ್ಕೆ ಹೋಗಿದ್ದೆ. ಕೂಸಾಗಿದ್ದಾಗ ಅಲ್ಲಿಂದ ದತ್ತು ಹೋದವಳು. ಕನ್ನಡದ ಒಂದು ಪದವೂ ಬಾರದು. ಗುಮಾಸ್ತರು ಒಳ್ಳೆಯವರೇ, ಕಾಫಿ ತರಿಸಿದರು. ಆಮೇಲೆ ಒಂದು ಕಬ್ಬಿಣದ ಬೀರು ತೆಗೆದರು. ಅವಳ ವರ್ಷದ ರಿಜಿಸ್ಟರಿಗೆ ಗೆದ್ದಲು ಹಿಡಿದಿತ್ತು. ರಟ್ಟು ಮಾತ್ರ ಉಳಿದಿತ್ತು. ಅದಕ್ಕೂ ಹಿಂದಿನವನ್ನು ಜಾಗ ಸಾಲದು ಅಂತ ರದ್ದಿಗೆ ಹಾಕಿದ್ದರಂತೆ. ಅವಳು ಆ ರಟ್ಟನ್ನು ಎರಡು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತಿದ್ದಳು. ವಾಪಸು ಬರುವಾಗ ಕಾರಿನಲ್ಲಿ ನಾವು ಯಾರೂ ಮಾತಾಡಲಿಲ್ಲ.

ನನ್ನ ಸಿಟ್ಟು ಇರುವುದು ಇದಕ್ಕೇ. ನಮ್ಮಲ್ಲಿ ಮ್ಯೂಸಿಯಂ ಅಂದರೆ ರಾಜರ ಕತ್ತಿ, ಒಡೆದ ವಿಗ್ರಹ, ಶಾಸನದ ಕಲ್ಲು. ಅವೂ ಬೇಕು. ಆದರೆ ನಮ್ಮ ತಾಲ್ಲೂಕುಗಳಲ್ಲಿ ಅನಾಥ ಮಕ್ಕಳ ಕುಟೀರ, ಉಚಿತ ಹಾಸ್ಟೆಲ್ಲು, ವಾರಾನ್ನ ಉಂಡು ಓದಿದ ಹುಡುಗರ ಕಥೆ ಎಷ್ಟಿಲ್ಲ? ಬರಗಾಲದಲ್ಲಿ, ಪ್ಲೇಗಿನಲ್ಲಿ ಊರು ಬಿಟ್ಟು ಯಾರದೋ ಮನೆ ಸೇರಿದ ಮಕ್ಕಳು ಎಷ್ಟಿಲ್ಲ? ಅವರಿಗೆ ಒಂದು ಕೋಣೆ ಎಲ್ಲಿದೆ? ಬೆಳಗಾವಿಯಿಂದ ಎರಡು ಮೂರು ಗಂಟೆ ದೂರದ ಕೊಲ್ಹಾಪುರದ ಪಕ್ಕ ವಳಿವಡೆ ಅಂತ ಊರಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ನಾಡಿನಿಂದ ಪಾರಾಗಿ ಬಂದ ಪೋಲೆಂಡಿನ ಸುಮಾರು ಐದು ಸಾವಿರ ಜನ, ಬಹಳಷ್ಟು ಹೆಂಗಸರು ಮಕ್ಕಳೇ, 1943ರಿಂದ 1948ರವರೆಗೆ ಅಲ್ಲಿದ್ದರು. ಗುಜರಾತಿನ ಜಾಮ್‌ನಗರದ ಮಹಾರಾಜರು ಅಲ್ಲಿನ ಬಾಲಾಚಡಿಯಲ್ಲಿ ಪೋಲಿಷ್ ಅನಾಥ ಮಕ್ಕಳಿಗೆ ಮನೆ ಕಟ್ಟಿಸಿಕೊಟ್ಟರು. ಆ ಮಕ್ಕಳು ದೊಡ್ಡವರಾಗಿ ಸಂಘ ಕಟ್ಟಿಕೊಂಡರು, ನೆನಪು ಬರೆದಿಟ್ಟರು, ಮುದುಕರಾಗಿ ಮತ್ತೆ ಬಂದು ತಾವಿದ್ದ ಜಾಗ ಮುಟ್ಟಿ ಹೋದರು. ಅವರು ಬರೆದಿಟ್ಟದ್ದರಿಂದ ನಮಗೂ ಗೊತ್ತಾಯಿತು, ಅಲ್ವಾ? ನಮ್ಮ ಪಕ್ಕದ ಊರಿನ ಕಥೆಯನ್ನೂ ದೂರದವರೇ ಬಂದು ನೆನಪಿಸಬೇಕಾಯಿತು.

ನಿಮ್ಮ ಅಳಿಯನವರಿಗೆ ನನ್ನ ನಮಸ್ಕಾರ ಹೇಳಿ. ಭಾನುವಾರ ಅಷ್ಟು ದೂರ ಕಾರು ಓಡಿಸಿ ಅತ್ತೆಯನ್ನು ಅಲ್ಲಿಗೆ ಕರೆದೊಯ್ದವರು ಅವರೇ ತಾನೆ.

ನಿಮ್ಮಿಂದ ನನಗೊಂದು ಕೆಲಸ ಆಗಬೇಕು. ನೀವು ಶಾಲೆಯಲ್ಲಿ ಇಷ್ಟು ವರ್ಷ ದಾಖಲಾತಿ ರಿಜಿಸ್ಟರ್ ಬರೆದಿದ್ದೀರಿ. ತಂದೆಯ ಹೆಸರು, ತಾಯಿಯ ಹೆಸರು, ಸ್ವಂತ ಊರು ಅಂತ ಅದರಲ್ಲಿ ಕಾಲಂ ಇರುತ್ತದೆ. ಹೇಳಲು ಯಾರೂ ಇಲ್ಲದ ಮಗು ನಿಮ್ಮ ಮೇಜಿನ ಮುಂದೆ ಬಂದು ನಿಂತದ್ದು ಉಂಟಲ್ಲ? ಆಗ ನೀವು ಏನು ಕೇಳಿದಿರಿ, ಅದು ಏನು ಹೇಳಿತು, ಆ ಕಾಲಂನಲ್ಲಿ ಏನು ಬರೆದಿರಿ? ನೆನಪಿದ್ದಷ್ಟು ಬರೆದು ಕಳಿಸಿ. ಮಕ್ಕಳ ಹೆಸರು ಬದಲಿಸಿ ಅಚ್ಚು ಹಾಕುತ್ತೇವೆ. ನಿಜವಾದ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದು ನಿಮ್ಮ ಹತ್ತಿರವೇ ಜೋಪಾನವಾಗಿ ಇಟ್ಟುಕೊಂಡಿರಿ. ಯಾರಾದರೂ ಕೇಳಿಕೊಂಡು ಬರಬಹುದು.