ಓದುಗರ ಪ್ರಶ್ನೆ: ಹಸಿರು ವಿದ್ಯುತ್ತು ಯಾರ ಖಾತೆಯದು?

ಪ್ರಶ್ನೆ: ಮಾನ್ಯರೇ, ಶಿರಸಿಯ ಸಮೀಪ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಚಾವಣಿಯ ಮೇಲೆ 3 ಕಿಲೋವಾಟಿನ ಸೋಲಾರ್ ಪ್ಯಾನೆಲ್ ಹಾಕಿಸಿ, ಒಳಬರುವ, ಹೊರಹೋಗುವ ವಿದ್ಯುತ್ತು ಎರಡನ್ನೂ ಅಳೆಯುವ ನೆಟ್ ಮೀಟರ್ ಮೂಲಕ ಹೆಸ್ಕಾಂ ಲೈನಿಗೆ ಜೋಡಿಸಿದ್ದೇವೆ. ಕರಾವಳಿಯ ರೆಸಾರ್ಟೊಂದು ‘ನೂರಕ್ಕೆ ನೂರು ಹಸಿರು ವಿದ್ಯುತ್ತು’ ಎಂದು ಬೋರ್ಡು ಹಾಕಿಕೊಂಡಿದೆ. ವಿಚಾರಿಸಿದರೆ, ಪ್ರಮಾಣಪತ್ರ ಖರೀದಿಸಿದ್ದೇವೆ ಎನ್ನುತ್ತಾರೆ. ಕಾಗದ ಕೊಂಡರೆ ವಿದ್ಯುತ್ತು ಹಸಿರಾಗುವುದು ಹೇಗೆ? ಪ್ಯಾನೆಲ್ಲನ್ನೇ ಹಾಕಿಸಿರುವ ನಾವು ಅಂಥ ಬೋರ್ಡು ಬರೆಸಬಹುದೇ?
– ಹೋಂಸ್ಟೇ ನಡೆಸುವವರು, ಶಿರಸಿ ತಾಲ್ಲೂಕು

ಉತ್ತರ: ಊರಿನ ಹಾಲಿನ ಡೈರಿಯನ್ನು ನೆನಪಿಸಿಕೊಳ್ಳಿ. ಹತ್ತು ಮನೆಯವರು ತಂದ ಹಾಲು ಒಂದೇ ಕ್ಯಾನಿಗೆ ಬಿದ್ದ ಮೇಲೆ ಯಾರ ಕೊಟ್ಟಿಗೆಯ ಹಾಲು ಯಾವುದೆಂದು ಗುರುತಿಸಲಾಗದು. ಯಾರು ಎಷ್ಟು ಹಾಕಿದರೆಂಬುದು ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿಯುತ್ತದೆ. ವಿದ್ಯುತ್ ಜಾಲದಲ್ಲೂ ಅಷ್ಟೇ. ಕಲ್ಲಿದ್ದಲಿನದು, ಗಾಳಿಯದು, ಬಿಸಿಲಿನದು ಎಲ್ಲವೂ ತಂತಿಯಲ್ಲಿ ಬೆರೆತು ಹರಿಯುವುದರಿಂದ, ಹಸಿರಿನ ಲೆಕ್ಕವನ್ನು ತಂತಿಯಲ್ಲಿ ಹುಡುಕದೆ ಖಾತೆಯಲ್ಲೇ ಹುಡುಕಬೇಕು. ಆದ್ದರಿಂದ ಕಾಗದವೆಂದು ಹೀಗಳೆಯಬೇಕಿಲ್ಲ. ಆ ಕಾಗದ ಎಂಥದು ಎಂದು ಕೇಳುವುದು ಸರಿಯಾದ ದಾರಿ.

ನಮ್ಮಲ್ಲಿ ಈ ಖಾತೆಗೆ ಇರುವ ಮುಖ್ಯ ವ್ಯವಸ್ಥೆಯೆಂದರೆ, ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2010ರಲ್ಲಿ ನಿಯಮ ರೂಪಿಸಿ ಜಾರಿಗೆ ತಂದ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರ, ಅಂದರೆ ಆರ್‌ಇಸಿ. ಅರ್ಹ ಸ್ಥಾವರವೊಂದು ಜಾಲಕ್ಕೆ ಕೊಟ್ಟ 1,000 ಯೂನಿಟ್‌ಗೆ ಒಂದು ಪ್ರಮಾಣಪತ್ರವೆಂಬುದು ಮೂಲ ಲೆಕ್ಕ. ದೇಶದ ವಿದ್ಯುತ್ ಜಾಲವನ್ನು ನಿಭಾಯಿಸುವ ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಕೇಂದ್ರವು ಅದನ್ನು ವಿದ್ಯುನ್ಮಾನ ದಾಖಲೆಯಲ್ಲಿ ನೀಡುತ್ತದೆ, ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಅದರ ಮಾರಾಟ ನಡೆಯುತ್ತದೆ. ಒಮ್ಮೆ ಬಳಸಿದ್ದನ್ನು ಖಾತೆಯಿಂದ ರದ್ದು ಮಾಡಿದರೆ ಮಾತ್ರ ಅದೇ ಯೂನಿಟ್ಟು ಇನ್ನೊಬ್ಬರ ಬೋರ್ಡಿನಲ್ಲಿ ಕಾಣಿಸಿಕೊಳ್ಳುವುದು ತಪ್ಪುತ್ತದೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. 2022ರ ಹೊಸ ನಿಯಮದ ಪ್ರಕಾರ, ಮಾರಾಟವಾಗುವವರೆಗೆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೇ ಇಲ್ಲ. ಹಾಗಾಗಿ ಈ ವರ್ಷದ ಬಳಕೆಯ ಎದುರು ಎಂದೋ ಉತ್ಪಾದನೆಯಾದ ವಿದ್ಯುತ್ತಿನ ಪತ್ರವನ್ನು ತೋರಿಸುವ ಅವಕಾಶವಿದೆ. ಅದೇ ನಿಯಮವು ತಂತ್ರಜ್ಞಾನಕ್ಕೆ ತಕ್ಕಂತೆ ಗುಣಕವನ್ನೂ ಇಟ್ಟಿದೆ: ನಿಯಮ ಬಂದ ನಂತರದ ಸ್ಥಾವರಗಳಲ್ಲಿ ಸೌರ ಮತ್ತು ಭೂಮಿಯ ಮೇಲಿನ ಪವನ ವಿದ್ಯುತ್ತಿಗೆ 1, ಜಲವಿದ್ಯುತ್ತಿಗೆ 1.5, ಜೀವರಾಶಿಯಿಂದ (ಬೆಳೆಯ ತ್ಯಾಜ್ಯ, ಕಟ್ಟಿಗೆಯಂಥ ಬಯೋಮಾಸ್‌ನಿಂದ) ಬಂದದ್ದಕ್ಕೆ 2.5. ಅಂದರೆ ಜೀವರಾಶಿ ಸ್ಥಾವರದ 1,000 ಯೂನಿಟ್ ಎರಡೂವರೆ ಪ್ರಮಾಣಪತ್ರಗಳಾಗುತ್ತದೆ. ಹೊಸ ತಂತ್ರಜ್ಞಾನಕ್ಕೆ ಪ್ರೋತ್ಸಾಹ ಕೊಡಲು ಇದು ಸರಿಯಿರಬಹುದು. ಆದರೆ ಪತ್ರಗಳನ್ನು ಸಾವಿರದಿಂದ ಗುಣಿಸಿ ಅಷ್ಟು ಯೂನಿಟ್ ಹಸಿರು ಎನ್ನುವವರ ಲೆಕ್ಕ ತಪ್ಪುತ್ತದೆ.

ಆದುದರಿಂದ ರೆಸಾರ್ಟಿನವರನ್ನು, ಯಾವ ವರ್ಷ ಎಷ್ಟು ಯೂನಿಟ್ ಬಳಸಿದಿರಿ, ಅದಕ್ಕೆ ಎದುರಾಗಿ ಯಾವ ಸ್ಥಾವರದ ಯಾವ ಅವಧಿಯ ಪತ್ರಗಳು ನಿಮ್ಮ ಹೆಸರಿನಲ್ಲಿ ರದ್ದಾಗಿವೆ ಎಂದು ಸೌಜನ್ಯದಿಂದಲೇ ಕೇಳಿ. ಅವರು ಹಸಿರು ವಿದ್ಯುತ್ತನ್ನು ವಿತರಣಾ ಕಂಪನಿಯಿಂದಲೇ ಕೊಳ್ಳುತ್ತಿದ್ದರೆ, 2022ರ ನಿಯಮಗಳಡಿ ಕೋರಿಕೆಯ ಮೇರೆಗೆ ವರ್ಷಕ್ಕೊಮ್ಮೆ ಸಿಗುವ ಹಸಿರು ಪ್ರಮಾಣಪತ್ರವನ್ನು ತೋರಿಸಬಹುದು.

ಇನ್ನು ನಿಮ್ಮ ವಿಷಯ. 3 ಕಿಲೋವಾಟಿನ ಪ್ಯಾನೆಲ್ ನಿಚ್ಚಳ ಬಿಸಿಲಿನ ದಿನ ಸುಮಾರು 12 ಯೂನಿಟ್ ಕೊಡುತ್ತದೆ. ಆಷಾಢದ ಜಡಿಮಳೆಯಲ್ಲಿ ಎಷ್ಟೆಂಬುದನ್ನು ನಿಮ್ಮ ಮೀಟರೇ ಹೇಳೀತು. ಮಧ್ಯಾಹ್ನ ಅತಿಥಿಗಳು ಜಲಪಾತ ನೋಡಲು ಹೋದಾಗ ವಿದ್ಯುತ್ತು ಹೊರಗೆ ಹೋಗುತ್ತದೆ, ರಾತ್ರಿ ಎಂಟಕ್ಕೆ ಅವರು ಗೀಸರ್ ಹಾಕಿದಾಗ ಜಾಲದಿಂದ ಒಳಗೆ ಬರುತ್ತದೆ. ಬಿಲ್ಲಿನಲ್ಲಿ ‘ಇಂಪೋರ್ಟ್’, ‘ಎಕ್ಸ್‌ಪೋರ್ಟ್’ ಸರಿಸಮವಾದರೂ ಆ ರಾತ್ರಿಯ ಗೀಸರ್ ಬಿಸಿಲಿನಿಂದ ಉರಿಯಲಿಲ್ಲ. ಈ ಕಾರಣದಿಂದಲೇ ಜಗತ್ತಿನ ಕೆಲವು ದೊಡ್ಡ ಗ್ರಾಹಕರು ಈಗ ವರ್ಷದ ಮೊತ್ತ ಬಿಟ್ಟು, ಗಂಟೆ ಗಂಟೆಯ ಬಳಕೆಗೆ ಆಯಾ ಗಂಟೆಯ ಉತ್ಪಾದನೆಯನ್ನು ಹೊಂದಿಸುವ ಪ್ರಯತ್ನದಲ್ಲಿದ್ದಾರೆ.

ಮತ್ತೊಂದು ತೊಡಕು: ನವೀಕರಿಸಬಹುದಾದ ವಿದ್ಯುತ್ತನ್ನು ಇಂತಿಷ್ಟು ಖರೀದಿಸಲೇಬೇಕೆಂಬ ಬಾಧ್ಯತೆ ವಿತರಣಾ ಕಂಪನಿಗಳಿಗಿದ್ದು, ನೆಟ್ ಮೀಟರಿನ ಚಾವಣಿ ವಿದ್ಯುತ್ತನ್ನು ಅವು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವ ಪದ್ಧತಿಯಿದೆ. ಪಾಸ್‌ಬುಕ್ಕಿನ ಅದೇ ಸಾಲನ್ನು ನೀವೂ ಎಣಿಸಿಕೊಂಡರೆ ಹಾಲು ಎರಡು ಪಟ್ಟಾಯಿತು. ಅಲ್ಲದೆ ಜಾಲದಲ್ಲಿ ಕರೆಂಟು ಹೋದರೆ, ಬ್ಯಾಟರಿಯಿಲ್ಲದ ಸಾಮಾನ್ಯ ಆನ್-ಗ್ರಿಡ್ ಇನ್ವರ್ಟರ್ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಆಗ ಮನೆಯ ಹಿಂದೆ ಶುರುವಾಗುವುದು ಡೀಸೆಲ್ ಜನರೇಟರ್; ಅದರ ಸದ್ದು ಅತಿಥಿಗಳಿಗೂ ಕೇಳಿಸುತ್ತದೆ!

ನನ್ನ ಸಲಹೆಯಂತೆ, ‘ನೂರಕ್ಕೆ ನೂರು’ ಬೇಡ. ‘ನಮ್ಮ ಚಾವಣಿಯಲ್ಲಿ ಕಳೆದ ವರ್ಷ ಇಷ್ಟು ಯೂನಿಟ್ ಸೌರ ವಿದ್ಯುತ್ತು ಉತ್ಪಾದನೆಯಾಯಿತು, ಜಾಲದಿಂದ ಇಷ್ಟು ಪಡೆದೆವು’ ಎಂದು ಮೀಟರಿನ ಅಂಕಿ ಸಹಿತ ಬರೆಸಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ‘ಹಸಿರು’, ‘ಸ್ವಚ್ಛ’ ಎಂಬ ಜಾಹೀರಾತಿನ ಮಾತುಗಳಿಗೆ ತಕ್ಕ ವಿವರಣೆ ಮತ್ತು ಪುರಾವೆ ಇರಬೇಕೆನ್ನುತ್ತದೆ.

ಪ್ರಶ್ನೆ: ಕೈಗಾ ಅಣುಸ್ಥಾವರ, ಕದ್ರಾ ಜಲವಿದ್ಯುತ್ ಸ್ಥಾವರ ಎರಡೂ ನಮ್ಮ ತಾಲ್ಲೂಕಿನಲ್ಲೇ ಇವೆ. ಹಾಗಾದರೆ ನಮ್ಮ ಮನೆಯ ವಿದ್ಯುತ್ತು ಹೊಗೆಯಿಲ್ಲದ್ದು ಎನ್ನಬಹುದಲ್ಲವೇ?
– ನಿವೃತ್ತ ಶಿಕ್ಷಕರು, ಕಾರವಾರ

ಉತ್ತರ: ನೆರೆಹೊರೆಯವರೆಂಬ ಕಾರಣಕ್ಕೆ ಆ ಹಕ್ಕು ಬರುವುದಿಲ್ಲ. ಕೈಗಾದ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳ ವಿದ್ಯುತ್ತು ದಕ್ಷಿಣದ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಕದ್ರಾದ 150 ಮೆಗಾವಾಟ್ ರಾಜ್ಯದ ಜಾಲಕ್ಕೆ ಸೇರುತ್ತದೆ. ಪದಗಳ ವ್ಯತ್ಯಾಸವನ್ನೂ ಗಮನಿಸಿ: ಅಣು ವಿದ್ಯುತ್ತಿನ ಉತ್ಪಾದನೆಯಲ್ಲಿ ಹೊಗೆ ಇಲ್ಲವಾದರೂ ಅದು ನವೀಕರಿಸಬಹುದಾದ ಮೂಲವಲ್ಲ, 25 ಮೆಗಾವಾಟಿಗಿಂತ ದೊಡ್ಡ ಜಲವಿದ್ಯುತ್ತನ್ನು ಕೇಂದ್ರ ಸರ್ಕಾರವು ಆ ಪಟ್ಟಿಗೆ ಸೇರಿಸಿದ್ದು 2019ರ ಮಾರ್ಚಿನಲ್ಲಿ. ದೇಶದ ಜಾಲದ ಸರಾಸರಿ ತೆಗೆದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಬೇರೆ ಪ್ರಮಾಣಪತ್ರವಿಲ್ಲದಿದ್ದರೆ ಕಾರವಾರದ ಮನೆಗೂ ಕಲಬುರಗಿಯ ಮನೆಗೂ ಇದೇ ಲೆಕ್ಕ ಹಿಡಿಯಬೇಕಾಗುತ್ತದೆ.